ಅವ್ವನ ಫಾಲ್

ಹೊಸ ಫಾಲ್ ಬಟ್ಟೆಯನ್ನು ನೀರಿಗೆ ಹಾಕಿದಾಗ ಏಳುವ ಗಂಜಿಯ ವಾಸನೆಯಿಂದ ನನಗೆ ಈಗಲೂ ಒಂದು ಶನಿವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಂದು ಬೆಳಿಗ್ಗೆ ಐದನೇ ತರಗತಿಯಲ್ಲಿ ಇಂಗ್ಲಿಷ್ ಟೀಚರ್ ‘ಫಾಲ್’ ಶಬ್ದದ ಅರ್ಥ ಕೇಳಿದ್ದರು. ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿ, “ಸೀರಿ ಅಂಚಿಗಿ ಹಚ್ಚೋ ಪಟ್ಟಿರಿ” ಎಂದೆ. ಎಲ್ಲರೂ ನಕ್ಕರು. ಫಾಲ್ ಎಂದರೆ ಬೀಳುವುದು ಎಂದು ಟೀಚರ್ ತಿದ್ದಿದರು. ಖಾಸಬಾಗದ ನಮ್ಮ ಮನೆಯಲ್ಲಿ ಅವ್ವ ಮಂದಿಯ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದಳು. ನಮ್ಮ ಮನೆಯ ಒಂದೇ ಇಂಗ್ಲಿಷ್ ಶಬ್ದವೂ ತಪ್ಪಾಯಿತಲ್ಲ ಎಂದು ನನಗೆ ಅಳು ಬಂದಿತ್ತು.

ಮಧ್ಯಾಹ್ನ ಅದೇ ಟೀಚರ್ ಹೊಸ ಸೀರೆ ಹಿಡಿದು ನಮ್ಮ ಮನೆಗೆ ಬಂದರು. ಶಾಲೆಯಲ್ಲಿ ನಡೆದದ್ದನ್ನು ನಗುತ್ತ ಅವ್ವನಿಗೆ ಹೇಳಿದರು. ಅವ್ವ ನಗಲಿಲ್ಲ. ಹೊಲಿದಿಟ್ಟಿದ್ದ ಸೀರೆಯೊಂದರ ನಿರಿಗೆ ಹಿಡಿದು ಇಳಿಬಿಟ್ಟಳು.

“ನೋಡ್ರಿ ಟೀಚರ್, ಫಾಲ್ ಹಚ್ಚಿದ್ರ ನಿರಿಗಿ ನೆಟ್ಟಗ ಬೀಳತಾವು. ಇಲ್ಲಾಂದ್ರ ಗಾಳಿಗಿ ಹಾರತಾವು.”

ಟೀಚರ್ ನಿರಿಗೆಯನ್ನು ಮುಟ್ಟಿ ನೋಡಿದರು. “ಖರೇ ಐತ್ರಿ ಅಕ್ಕಾರ. ಇಷ್ಟು ವರ್ಷ ಕಲಿಸೀನಿ, ನನಗ ಹೊಳದಿದ್ದಿಲ್ಲ” ಎಂದು ನನ್ನತ್ತ ತಿರುಗಿದರು. “ನಿಂದೂ ಬರೋಬ್ಬರಿ ಇತ್ತವಾ.”

“ಹಂಗಾರ ಫಾಲ್ ಅನ್ನೋದನ್ನ ಇಂಗ್ಲಿಷಿನ್ಯಾಗ ಬಾಗಿಲಕ್ಕ ಬರದಕೊಡ್ರಿ. ಗಿರಾಕಿಗೋಳಿಗಿ ತಿಳೀತೈತಿ” ಎಂದಳು ಅವ್ವ.

ಟೀಚರ್ ತಮ್ಮ ಚೀಲದಿಂದ ಸೀಮೆಸುಣ್ಣ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಬಾಗಿಲ ಮೇಲೆ ನಾಲ್ಕು ಅಕ್ಷರ ಬರೆದೆ. ಇಂಗ್ಲಿಷ್ ಓದಲು ಬಾರದ ಅವ್ವ ಅದನ್ನು ಬಹಳ ಹೊತ್ತು ನೋಡಿದಳು.

“ಇನ್ನೂ ದೊಡ್ಡದಾಗಿ ಬರಿ” ಎಂದಳು.