ತಲೆಯಿಲ್ಲದ ನಿದ್ದೆ

"ಮೇಡಂ, ನಮ್ಮ ಜೆಲ್ಲಿಮೀನುಗಳು ನಿದ್ದೆ ಮಾಡ್ತವೆ."

ಸಂಶೋಧನೆಯ ಹುಡುಗಿ ಪ್ರಯೋಗಾಲಯದ ಬಾಗಿಲಲ್ಲೇ ಅಡ್ಡ ನಿಂತು ಹೀಗೆಂದಾಗ ಅವಳ ಮಾರ್ಗದರ್ಶಿ ಮೇಡಂ ಚಪ್ಪಲಿ ಬಿಡುತ್ತಿದ್ದರು. ಒಂಟಿಕಾಲಲ್ಲಿ ನಿಂತೇ, "ನಿದ್ದೆ ಮಾಡೋಕೆ ಮಿದುಳು ಬೇಕಮ್ಮ. ಅವಕ್ಕೆಲ್ಲಿದೆ?" ಎಂದರು.

ಹೊರಗೆ ಮಟಮಟ ಮಧ್ಯಾಹ್ನ. ಈ ಕೋಣೆಯಲ್ಲಿ ಮಾತ್ರ ನಡುರಾತ್ರಿ. ಜೆಲ್ಲಿಮೀನುಗಳ ರಾತ್ರಿಯನ್ನು ಮನುಷ್ಯರು ಹಗಲಲ್ಲೇ ನೋಡಲೆಂದು ದೀಪಗಳ ಹೊತ್ತನ್ನು ತಿರುವುಮುರುವು ಮಾಡಿಟ್ಟಿದ್ದರು. ಮಂಕು ಕೆಂಪು ಬೆಳಕಲ್ಲಿ, ಗಾಜಿನ ತೊಟ್ಟಿಯ ತಳದಲ್ಲಿ, ಅಂಗೈಯಗಲದ ಜೀವಗಳು ಅರಳಿ ಮುದುಡಿ, ಅರಳಿ ಮುದುಡಿ, ಯಾರೋ ನೀರೊಳಗೆ ಕೊಡೆ ಬಿಚ್ಚುತ್ತ ಅರ್ಧಕ್ಕೇ ಮರೆತುಬಿಟ್ಟ ಹಾಗೆ ಕಾಣುತ್ತಿದ್ದವು. ಅಲ್ಲಿ ತುಸು ಹೊತ್ತು ನಿಂತರೆ ತಾನು ಗಾಜಿನ ಆಚೆಗಿದ್ದೇನೆಯೋ ಈಚೆಗೋ ಎಂಬುದೇ ಹುಡುಗಿಗೆ ಮರೆತುಹೋಗುತ್ತಿತ್ತು.

ಇಂದು ಮರೆಯುವಂತಿರಲಿಲ್ಲ. ಅವಳ ಪ್ರಬಂಧದಲ್ಲಿ 'ನಿದ್ದೆ' ಎಂದಿದ್ದ ಕಡೆಯೆಲ್ಲ ಮೇಡಂ ಗೀಟು ಎಳೆದು 'ಚಟುವಟಿಕೆ ಕಡಿಮೆ' ಎಂದು ತಿದ್ದಿದ್ದರು. ಹಾಗೇ ಹೋದರೆ ವರ್ಷಗಟ್ಟಲೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಜೆಲ್ಲಿಮೀನು ಕೊಂಚ ಸೋಮಾರಿ ಎಂದು ಓದಲು ಯಾರಿಗೆ ಪುರುಸೊತ್ತು?

ಅವಳು ಒಂದೇ ಉಸಿರಿಗೆ ಒದರಿದಳು. ಕತ್ತಲಾದರೆ ಇವುಗಳ ಮಿಡಿತ ಇಳಿಯುತ್ತದೆ. ರಾತ್ರಿಯಿಡೀ ನೀರು ಚಿಮ್ಮಿಸಿ ಕಾಡಿದರೆ ಮರುದಿನ ದೀಪ ಹತ್ತಿದರೂ ಮಂಕಾಗಿ ಬಿದ್ದಿರುತ್ತವೆ. ನಿದ್ದೆಯೆಂದರೆ ಮಿದುಳಿನ ಅಲೆಗಳು ನಿಧಾನವಾಗುವುದು ಎಂಬ ವ್ಯಾಖ್ಯೆಯ ಮೇಲೆಯೇ ಮೇಡಂ ತಮ್ಮ ಆಯುಷ್ಯದ ಕೆಲಸವನ್ನೆಲ್ಲ ಕಟ್ಟಿದ್ದರು.

"ವ್ಯಾಖ್ಯೆ ಅಂದ್ರೆ ಬೇಲಿ ಕಣೇ. ಕಿತ್ರೆ ಕಂಡಕಂಡ ದನ ನುಗ್ಗುತ್ತೆ."

"ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ ಅಂತಾರಲ್ಲ ಮೇಡಂ. ತಲೇನೂ ಬೇಡವೇನೋ."

"ಅದಕ್ಕೆ ನೀನೇ ಸಾಕ್ಷಿ."

ಹುಡುಗಿ ಜಗ್ಗಲಿಲ್ಲ. ಒಂದೇ ಒಂದು ಸಲ ನೀವೇ ಪರೀಕ್ಷೆ ಮಾಡಿ ನೋಡಿ ಎಂದು ಗೋಗರೆದಳು. ತಳಕ್ಕೆ ಹಾಸಿದ ಬಲೆಯನ್ನು ಜೆಲ್ಲಿಮೀನಿನ ಸಮೇತ ಮೇಲೆತ್ತಿ, ಥಟ್ಟನೆ ಕೆಳಗೆಳೆಯಬೇಕು. ಎಚ್ಚರವಿದ್ದರೆ ಅದು ಆ ಕ್ಷಣವೇ ತಳ ಹುಡುಕಿಕೊಂಡು ಈಜುತ್ತದೆ. ಮೇಡಂ ಅಂಗಿತೋಳು ಮಡಚಿ, ಬಲೆ ಎತ್ತಿ, ಎಳೆದರು.

ಜೆಲ್ಲಿಮೀನು ನಡುನೀರಿನಲ್ಲೇ ಉಳಿಯಿತು. ಮೇಲೆ ಯಾವುದು, ಕೆಳಗೆ ಯಾವುದು ಎಂದು ತೋಚದೆ, ಹಾಸಿಗೆಯಿಂದ ಎತ್ತಿ ನಿಲ್ಲಿಸಿದ ಮಗುವಿನ ಹಾಗೆ ಅತ್ತಿತ್ತ ತೂಗಿತು. ಆಮೇಲೆ ಮೆಲ್ಲಗೆ ಒಂದು ಮಿಡಿತ, ಇನ್ನೊಂದು ಮಿಡಿತ.

"ಅಯ್ಯೋ ಪಾಪ, ಎಬ್ಬಿಸಿಬಿಟ್ಟೆ" ಎಂದರು ಮೇಡಂ, ಪಿಸುದನಿಯಲ್ಲಿ.

ಮೇಡಂ ಒದ್ದೆ ಕೈ ಒರೆಸುವುದನ್ನೂ ಮರೆತು, ಅದು ತಳ ಸೇರುವವರೆಗೂ ನೋಡುತ್ತ ನಿಂತರು. ಮೊಣಕೈಯಿಂದ ನೀರು ಹನಿಯುತ್ತಿತ್ತು.

"ಬಾಯಿ ತಪ್ಪಿ ಬಂದದ್ದು ಪುರಾವೆ ಅಲ್ಲ" ಎಂದರು ಕೊನೆಗೆ. "ನಾಳೆ ಹನ್ನೊಂದಕ್ಕೆ ಬಾ. ಮಿದುಳು ಅನ್ನೋ ಮಾತು ಬಿಟ್ಟು ನಿದ್ದೆಗೆ ಹೊಸ ವ್ಯಾಖ್ಯೆ ಬರ್ಕೊಂಡು ಬಾ. ಆದ್ರೆ ನೋಡು, ಅಲ್ಲಾಡದೆ ಬಿದ್ದಿರೋ ಕಲ್ಲು ಯಾಕೆ ನಿದ್ದೆ ಮಾಡ್ತಿಲ್ಲ ಅನ್ನೋದನ್ನೂ ಆ ವ್ಯಾಖ್ಯೆನೇ ಹೇಳ್ಬೇಕು."