ಅಳುಬಂಡೆಯ ಚರಿತ್ರೆ

ಊರವರು ಏನೋ ಮುಚ್ಚಿಡುತ್ತಿದ್ದಾರೆ ಎಂಬುದು ಮಹಾಂತೇಶ ಮೇಷ್ಟ್ರಿಗೆ ಖಾತ್ರಿಯಾಗಿತ್ತು. ಅಳುಬಂಡೆಯ ಮಾತೆತ್ತಿದರೆ ಸಾಕು, ಗಂಡಸರು ಬೀಡಿ ಹಚ್ಚುತ್ತಿದ್ದರು, ಹೆಂಗಸರು ಸೆರಗು ಬಾಯಿಗೆ ತರುತ್ತಿದ್ದರು.

ತಳಕಿನ ಬಳಿಯ ಆ ಪುಟ್ಟ ಹಳ್ಳಿಯ ಹೊಲ, ಹಳ್ಳ, ದಿಬ್ಬಗಳ ಹೆಸರುಗಳ ಮೇಲೆ ಮೇಷ್ಟ್ರು ಪುಸ್ತಕ ಬರೆಯುತ್ತಿದ್ದರು. ಕೆಲಸಕ್ಕೆಂದು ಬಂದು ನಲವತ್ತು ವರ್ಷವಾಗಿ, ಇಲ್ಲೇ ನಿವೃತ್ತರಾದರೂ ಜನರ ಬಾಯಲ್ಲಿ ಅವರಿನ್ನೂ 'ಗದಗಿನ ಮೇಷ್ಟ್ರು'. ಊರಿನ ಚರಿತ್ರೆ ಬರೆದಾದರೂ ಊರಿನವನಾಗಬೇಕೆಂಬ ಹಟ ಅವರದು. ಬರೆಯಿರಿ ಎಂದು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ಎಲ್ಲ ಮುಗಿದು ಅಳುಬಂಡೆಯೊಂದೇ ಉಳಿದಿತ್ತು. ಹಳೇ ಸರ್ವೆ ನಕಾಶೆಯಲ್ಲಿ ಆ ಹೆಸರಿಲ್ಲ. ಬರೆದ ಗುಮಾಸ್ತ ಸೋಮಾರಿ ಎಂದು ಮೇಷ್ಟ್ರು ತೀರ್ಮಾನಿಸಿದರು. ತೊಂಬತ್ತು ದಾಟಿದ ಬೋರಣ್ಣ, "ನಮ್ ಕಾಲದಾಗೆ ಅದು ಬರೀ ಬಂಡೆ" ಎಂದ. ಅಜ್ಜನಿಗೆ ಅರಳು ಮರಳು ಎಂದುಕೊಂಡರು. ಕೊನೆಗೆ ತಾವೇ ಒಬ್ಬ ಪಾಳೇಗಾರನನ್ನು ಹುಟ್ಟಿಸಿ, ಯುದ್ಧದಲ್ಲಿ ಕೊಂದು, ಅವನ ಹೆಂಡತಿಯನ್ನು ಬಂಡೆಯ ಬಳಿ ಅಳಲು ಕೂರಿಸಿದರು. ಬರೆಯುವಾಗ ಅವರ ಕಣ್ಣೂ ಒದ್ದೆಯಾಯಿತು. ಆ ಬಂಡೆ ಅವರಿಗೂ ಹಳೇ ಪರಿಚಯ. ಬಂದ ಹೊಸದರಲ್ಲಿ ಸಂಜೆ ಅದರ ಮರೆಯಲ್ಲಿ ಕೂತು ಊರಿಗೆ ಕಾಗದ ಬರೆಯುತ್ತಿದ್ದರು.

ನಾಳೆ ಚಳ್ಳಕೆರೆಯ ಪ್ರೆಸ್ಸಿಗೆ ಕೊಡಬೇಕು. ಕಥೆ ಸುಳ್ಳೆಂದಾದರೆ ಮಾನ ಮೂರಾಬಟ್ಟೆ. ಕಡೇ ಪ್ರಯತ್ನವೆಂದು ಮುದ್ದಕ್ಕನ ಜಗಲಿಗೆ ಹೋಗಿ ಅಧ್ಯಾಯ ಓದಿದರು. ಚಿಕ್ಕವಳಿದ್ದಾಗ ಆ ಬಂಡೆಯ ಸುತ್ತಲೇ ಕುರಿ ಮೇಯಿಸಿದವಳು ಆಕೆ. ಕೇಳುತ್ತಾ ಕೇಳುತ್ತಾ ಶೇಂಗಾ ಬಿಡಿಸುವುದನ್ನು ನಿಲ್ಲಿಸಿದಳು.

"ಪಾಳೇಗಾರನ ಹೆಂಡ್ತಿ ಎಲ್ಲಿಂದ ಬಂದ್ಲು ಮೇಷ್ಟ್ರೇ? ಆ ಹೆಸರು ಇಟ್ಟೋಳೇ ನಾನು."

ಮೇಷ್ಟ್ರ ಪಾಳೇಗಾರ ಎರಡನೇ ಸಲ ಸತ್ತ.

"ಹಂಗಾದ್ರೆ ಅಲ್ಲಿ ಅತ್ತೋರು ಯಾರು? ಪುಸ್ತಕದಾಗೆ ಹೆಸರು ಹಾಕ್ತೀನಿ."

"ಬ್ಯಾಡ್ರಿ. ಅವರು ನಾಚ್ಕಂತಾರೆ ಅಂತಲೇ ಊರು ಇಷ್ಟು ವರ್ಷ ಬಾಯಿ ಮುಚ್ಕಂಡೈತೆ. ನಾವು ಆ ಹೊತ್ನಾಗೆ ಕುರಿನೂ ಆ ಕಡೆ ಬಿಡ್ತಿರಲಿಲ್ಲ."

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, ಪಾಠ ಹೇಳುವ ದನಿಯಲ್ಲೇ ಹೇಳಿದರು. "ಚರಿತ್ರೆಗೆ ನಾಚಿಕೆ ಇರಲ್ಲ ಮುದ್ದಕ್ಕ. ಹೆಸರು ಹೇಳು."

"ಬರ್ಕಳ್ರಿ ಹಂಗಾದ್ರೆ," ಎಂದಳು ಮುದ್ದಕ್ಕ. "ಗದಗಿನ ಮೇಷ್ಟ್ರು. ಬಂದ ಹೊಸ್ತರಾಗೆ ದಿನಾ ಸಂಜೆ, ತೊಡೆ ಮ್ಯಾಲೆ ಕಾಗದ ಇಟ್ಕಂಡು, ಅವ್ವಾ ಅಂತ ಅಳೋರು."