ಘಾಟು ಬಾರದ ಮೆಣಸಿನಕಾಯಿ

ಅದು ಮಧ್ಯಾಹ್ನವೇ ಆಗಿತ್ತೆಂದು ಆಣೆ ಮಾಡಲಾರೆ, ಆದರೆ ಒಗ್ಗರಣೆಯ ಮೆಣಸಿನಕಾಯಿ ಸೀದಾಗಲೆಲ್ಲ ಈಗಲೂ ಬ್ಯಾಡಗಿಯ ಆ ನಡುಮನೆ ಕಾಣುತ್ತದೆ. ಹೃದಯದ ಆಪರೇಶನ್ ಮುಗಿಸಿ ಅವ್ವ ಅಂದೇ ದವಾಖಾನೆಯಿಂದ ಬಂದಿದ್ದಳು. ಕೆಮ್ಮಿದರೆ ಹೊಲಿಗೆ ಬಿಚ್ಚೀತೆಂದು ಎದೆಗೆ ದಿಂಬು ಅವುಚಿಕೊಂಡಿದ್ದಳು. ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಅವಳ ಕಾಲ ಬಳಿಯ ಬಾಣಲೆಯ ಕೆಂಡಕ್ಕೆ ಹಾಕಿದಳು.

“ಘಾಟ ಬರವಲ್ದು! ದೃಷ್ಟಿ ಭಾಳ ಆಗೇತಿ,” ಎಂದು ಮತ್ತೊಂದು ಹಿಡಿ ಸುರಿದಳು.

ನಮ್ಮೂರ ಕಾಯಿಗೆ ಬಣ್ಣ ಹೆಚ್ಚು, ಘಾಟು ಕಡಿಮೆ. ಹಿಡಿಗಟ್ಟಲೆ ಸುಟ್ಟಾಗ ಮಾತ್ರ ಮನೆ ತುಂಬ ಹೊಗೆ ನುಗ್ಗಿತು. ಅವ್ವನಿಗೆ ಕೆಮ್ಮು ತಡೆಯಲಾಗಲಿಲ್ಲ.

“ಎದಿ ಸೀಳಾಕತ್ತೈತ್ರಿ ಅತ್ತಿ, ಕೊಲ್ಲತೀರೇನ್ರಿ ನನ್ನ!” ಎಂದು ಚೀರಿ ಕೆಂಡದ ಬಾಣಲೆಯನ್ನು ಒದ್ದಳು. ಕೆಂಡ ಅಜ್ಜಿಯ ಸೀರೆಗೆ ಹಾರಿತು.

ಅಜ್ಜಿ ಬರಿಗೈಯಲ್ಲೇ ಬಡಿದು ಆರಿಸುತ್ತ, “ಒದಿಯಾಕ ಬಲ ಬಂತಲ್ಲ, ದೃಷ್ಟಿ ಹೋತು ಬಿಡು,” ಎಂದಳು. ಅದೇ ಕೈಯಿಂದ ಅವ್ವನ ಎದೆಯ ದಿಂಬನ್ನು ಒತ್ತಿ ಹಿಡಿದಳು.

ದಿಂಬಿನ ಮೇಲೆ ಕೆಂಪು ಕಲೆಯಿತ್ತು. ಅದು ಅವ್ವನ ರಕ್ತವೋ, ಅಜ್ಜಿಯ ಕೈಗಂಟಿದ ಮೆಣಸಿನಕಾಯಿಯ ಬಣ್ಣವೋ, ನನಗೆ ಗೊತ್ತಿಲ್ಲ.